ಅಪ್ಪ ಸರಿಮಾಡಿದ ಆಂಪ್ಲಿಫೈಯರ್

ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದು ಪತ್ರಿಕೆಯವರು ಆ ಹಾಡಿನ ಹಿಂದಿನ ಹುಡುಗಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಒಬ್ಬರು ಅವಳು ನರ್ಸ್ ಆಗಿದ್ದಳು ಎಂದು ಬರೆದರು. ಇನ್ನೊಬ್ಬರು, ಅವಳು ಶ್ರೀಮಂತರ ಮಗಳು, ಗಿಟಾರ್ ಬಾರಿಸುವವನನ್ನು ತಿದ್ದಿ ಮನುಷ್ಯನನ್ನಾಗಿ ಮಾಡಲು ಹೋಗಿ ಕೈಸುಟ್ಟುಕೊಂಡಳು ಎಂದರು. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಹುಡುಗಿಗೆ ಆಗ ಐವತ್ತೇಳು ವರ್ಷ. ದಪ್ಪ ಕನ್ನಡಕ, ಬೆಸುಗೆ ಹಾಕಿ ಹಾಕಿ ಸುಟ್ಟು ಗಟ್ಟಿಯಾದ ಬೆರಳತುದಿ, ಕಿವಿಯ ಮೇಲೆ ಸದಾ ಸಿಕ್ಕಿಸಿಕೊಂಡ ಮೋಟು ಪೆನ್ಸಿಲ್. ರೇಡಿಯೋ ರಿಪೇರಿ ಮಾಡುತ್ತಿದ್ದ. ನಮ್ಮಪ್ಪ.

ಹಾಡು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮೊದಲು ಗಿಟಾರು ಹಳೆ ಬಟ್ಟೆ ಸೀಳಿದ ಹಾಗೆ ಗರಗರ ಹರಿದುಕೊಂಡು ಬರುತ್ತದೆ. ಆಮೇಲೆ ಡ್ರಮ್ಮು. ಆಮೇಲೆ ನಮ್ಮಣ್ಣ ಕಿರುಚುತ್ತಾನೆ: "ಯಾರು ಹೇಳಿದರು ನಿನಗೆ, ನನ್ನ ಸರಿಮಾಡು ಅಂತ?" ಮೂರು ತಲೆಮಾರಿನ ಹುಡುಗರು ಕುತ್ತಿಗೆಯ ನರ ಉಬ್ಬಿಸಿಕೊಂಡು ಅದನ್ನು ಕೂಗಿದ್ದಾರೆ. ಆ ಹಾಡು ಹೇಗೆ ಹುಟ್ಟಿತು ಎಂದು ಬಲ್ಲವರು ಈಗ ಉಳಿದಿರುವುದು ಇಬ್ಬರೇ, ಅವನು ಮತ್ತು ತಂಗಿಯಾದ ನಾನು. ಅವನು ಬಾಯಿಬಿಡುವುದಿಲ್ಲ. ನನಗೆ ಮೊದಲಿಂದಲೂ ಬಾಯಿ ನಿಲ್ಲುವುದಿಲ್ಲ, ಹಾಗಾಗಿ ಹೇಳುತ್ತೇನೆ.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಬಾಗಿಲು, ಅದರ ಪಕ್ಕ ಉದ್ದದ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳು. ಗೋಡೆಯ ಹಲಗೆಗಳ ಮೇಲೆ ಬಿಸ್ಕತ್ತಿನ ಡಬ್ಬಗಳು. ಒಂದರಲ್ಲಿ ಸ್ಕ್ರೂ, ಒಂದರಲ್ಲಿ ತಿರುಗಿಸುವ ಗುಂಡಿಗಳು, ಒಂದರಲ್ಲಿ ಸುಟ್ಟುಹೋದ ವಾಲ್ವುಗಳು. ಸುಟ್ಟದ್ದನ್ನೆಲ್ಲ ಯಾಕಪ್ಪ ಕೂಡಿಟ್ಟಿದೀಯ ಎಂದರೆ, "ಇರಲಿ, ಪಾಪ" ಎನ್ನುತ್ತಿದ್ದ. ಮನೆಯಲ್ಲಿ ಯಾವಾಗಲೂ ಕಾದ ಸೀಸದ ವಾಸನೆ. ಅಮ್ಮ ಬದುಕಿರುವ ತನಕ ಅದಕ್ಕೆ ಮೂಗು ಮುರಿಯುತ್ತಿದ್ದಳು. ನನಗೆ ಒಂಬತ್ತು, ಅಣ್ಣನಿಗೆ ಹದಿಮೂರು ಆಗಿದ್ದಾಗ ಅವಳು ಹೋದಳು. ಅಡುಗೆಮನೆಯ ಕಪಾಟಿನ ಮೇಲಿದ್ದ ಅವಳ ರೇಡಿಯೋವನ್ನು ಅಪ್ಪ ಆಮೇಲೆ ಒಂದು ದಿನವೂ ತಪ್ಪದೆ ಬೆಳಿಗ್ಗೆ ಹಾಕುತ್ತಿದ್ದ. ಬೀದಿಯಲ್ಲೇ ಅಷ್ಟು ಚೊಕ್ಕವಾಗಿ ಹಾಡುವ ರೇಡಿಯೋ ಇನ್ನೊಂದಿರಲಿಲ್ಲ.

ಬೀದಿಯವರೆಲ್ಲ ಅಪ್ಪನನ್ನು ರೇಡಿಯೋ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವನಿಗೆ ಮೀಟರಿಗಿಂತ ತನ್ನ ಕಿವಿಯ ಮೇಲೆ ಹೆಚ್ಚು ನಂಬಿಕೆ. ಗೊರಗೊರ ಸದ್ದು ಕೇಳಿದರೆ ಹಲ್ಲುನೋವು ಬಂದವನ ಹಾಗೆ ಮುಖ ಮಾಡುತ್ತಿದ್ದ. ಒಮ್ಮೆ ಗಂಡ ತೀರಿಕೊಂಡ ಹೆಂಗಸೊಬ್ಬಳನ್ನು ಮಾತಾಡಿಸಿ ಬರಲು ಹೋಗಿದ್ದೆವು. ಒಳಗೆಲ್ಲೋ ರೇಡಿಯೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಉಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಅಪ್ಪನ ಕುತ್ತಿಗೆ ಮಾತ್ರ ಆ ಕಡೆಗೇ ಹೊರಳುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದು ಒಳಗೆ ಹೋದವನು ಅರ್ಧ ಗಂಟೆ ಹೊರಗೆ ಬರಲಿಲ್ಲ. ನಾಚಿಕೆಯಿಂದ ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೊರಡುವಾಗ ಆ ಹೆಂಗಸು ಬಾಗಿಲ ತನಕ ಬಂದು ಅಪ್ಪನ ಕೈ ಹಿಡಿದುಕೊಂಡು, "ಎರಡು ವರ್ಷದಿಂದ ಅದನ್ನ ಸರಿಮಾಡಿಸ್ತೀನಿ ಅಂತಾನೇ ಇದ್ರು ಅವರು" ಎಂದು ಅತ್ತಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲವಂತೆ.

ಅಪ್ಪನಿಗೆ ಮಾತು ಬರುತ್ತಿರಲಿಲ್ಲ. ನಾನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಎದ್ದು ನೋಡಿದರೆ ನನ್ನ ಚಪ್ಪಲಿಯ ಕಿತ್ತ ಪಟ್ಟಿ ಹೊಲಿದಿತ್ತು, ಸೈಕಲ್ಲಿನ ಗಂಟೆ ಮತ್ತೆ ಸದ್ದು ಮಾಡುತ್ತಿತ್ತು, ನಾನು ಓದುವ ದೀಪಕ್ಕೆ ಹೊಸ ಸ್ವಿಚ್ ಬಂದಿತ್ತು. ಅವನ ಮುದ್ದು ಎಂದರೆ ಅಷ್ಟೇ. ನನಗೆ ಅದು ಸಾಕಾಗುತ್ತಿತ್ತು. ಅಣ್ಣನಿಗೆ ಸಾಕಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಪ್ಪನ ಕಸುಬಿನವರಲ್ಲಿ ಒಂದು ರೂಢಿ ಇತ್ತು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಖು, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಬರೆಯಬೇಕು. ಮುಂದೆ ಯಾವತ್ತೋ ಬಿಚ್ಚುವವನು ತಲೆ ಕೆರೆದುಕೊಳ್ಳದಿರಲಿ ಎಂದು. ಅಪ್ಪ ಅದರ ಕೆಳಗೆ ತನ್ನದೊಂದು ಸಾಲು ಸೇರಿಸುತ್ತಿದ್ದ: "ಈಗ ಸರಿಹೋಯಿತು."

ಅಣ್ಣ ತನಗೆ ಇಪ್ಪತ್ತೊಂದು ತುಂಬಿದಾಗ ಮುಚ್ಚಿಹೋದ ಡಾನ್ಸ್ ಹಾಲೊಂದರಿಂದ ಹಳೆಯ ಆಂಪ್ಲಿಫೈಯರ್ ತಂದ. ಸೈಕಲ್ಲಿಗೆ ಹಗ್ಗದಲ್ಲಿ ಕಟ್ಟಿಕೊಂಡು ಮೂರು ಮೈಲಿ ತಳ್ಳಿಕೊಂಡು ಬಂದಿದ್ದ. ಸ್ಪೀಕರಿನ ಒಳಗಿನ ಕಪ್ಪು ಕಾಗದ ಒಂದು ಕಡೆ ಹರಿದಿತ್ತು. ಗಿಟಾರು ಸಿಕ್ಕಿಸಿ ಬಾರಿಸಿದರೆ ಸ್ವರದ ಜೊತೆಗೆ ಒಂದು ಸೀಳು ಸದ್ದೂ ಬರುತ್ತಿತ್ತು. ಅಣ್ಣನ ಮುಖದಲ್ಲಿ ನಾನು ಅಂಥ ಖುಷಿಯನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಪ್ಪ ಮೇಜಿನಿಂದ ಓಡಿಬಂದ.

"ಕೆಟ್ಟಿದೆ ಕಣೋ ಅದು. ತಾ ಇಲ್ಲಿ, ಹತ್ತು ನಿಮಿಷದ ಕೆಲಸ."

"ಕೆಟ್ಟಿಲ್ಲಪ್ಪ. ಅದರ ದನಿನೇ ಅದು."

"ದನಿಯಾ? ನಾಯಿ ಚಾಪೆ ಹರೀತಿರೋ ಹಾಗಿದೆ."

"ನಂಗೆ ಅದೇ ಬೇಕು."

ಹೀಗೆ ಒಂದು ವರ್ಷ ನಡೆಯಿತು. ಅಪ್ಪ ಮುಂದೆ ಕೂತು ಊರವರ ಗೊರಗೊರ ತೆಗೆಯುವುದು, ಹಿಂದಿನ ಕೋಣೆಯಲ್ಲಿ ಮಗ ಅದನ್ನೇ ಸಾಕುವುದು. ನಾನು ಮಧ್ಯದ ಅಡುಗೆಮನೆಯಲ್ಲಿ ಕೂತು ನಗುತ್ತಿದ್ದೆ. ಒಂದು ಮಧ್ಯಾಹ್ನ ರೇಡಿಯೋ ಒಯ್ಯಲು ಬಂದ ಗಿರಾಕಿಯೊಬ್ಬ, "ಏನು ಡಾಕ್ಟ್ರೇ, ಮನೇಲೇ ಇಂಥ ರೋಗಿ ಇಟ್ಕೊಂಡು ನಮ್ಮದನ್ನ ವಾಸಿ ಮಾಡ್ತೀರಾ?" ಎಂದು ಹಲ್ಲು ಕಿರಿದ. ಅಪ್ಪ ಒಳಗೆ ಹೋಗಿ, ಅಣ್ಣ ಬಾರಿಸುತ್ತಿದ್ದಾಗಲೇ ಪ್ಲಗ್ ಕಿತ್ತ.

"ಇನ್ನು ಈ ಪೆಟ್ಟಿಗೆ ನನ್ನ ಮನೇಲಿ ಇರಕೂಡದು."

"ಅದು ಹೋದ್ರೆ ನಾನೂ ಹೋಗ್ತೀನಿ."

"ನಿನ್ನಿಷ್ಟ."

ಇಬ್ಬರೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಜನ. ಅಣ್ಣ ಅವತ್ತೇ ಗಂಟುಮೂಟೆ ಕಟ್ಟಿದ. ಅವನೂ ಅವನ ಮೂವರು ಗೆಳೆಯರೂ ಬಾರಿಸುತ್ತಿದ್ದುದು ಮುಚ್ಚಿದ ಲಾಂಡ್ರಿಯೊಂದರ ಹಿಂಗೋಣೆಯಲ್ಲಿ. ಕಲ್ಲಿನ ತೊಟ್ಟಿ, ತುಕ್ಕು ಹಿಡಿದ ಕೊಳವೆಗಳ ನಡುವೆ ಅಲ್ಲೇ ಹಾಸಿಗೆ ಹಾಕಿಕೊಂಡ. ಏಳು ತಿಂಗಳಾದರೂ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನು ವಾರಕ್ಕೆರಡು ಸಲ ಊಟ ಒಯ್ಯುತ್ತಿದ್ದೆ. ವಾಪಸ್ಸು ಬಂದಾಗ ಅಪ್ಪ ತಲೆ ಎತ್ತದೆ ಕೇಳುತ್ತಿದ್ದ, "ಊಟ ಸರಿಯಾಗಿ ಮಾಡ್ತಾನಾ?" ಮಾಡ್ತಾನೆ ಎನ್ನುತ್ತಿದ್ದೆ. ಅವನು ನಿಜವಾಗಿ ಕೇಳಬೇಕೆಂದಿದ್ದು, ಯಾವಾಗ ಮನೆಗೆ ಬರುತ್ತಾನೆ ಎಂದು. ಅದೊಂದು ಬಿಟ್ಟು ಅಪ್ಪನಿಗೆ ಬೇರೇನೂ ಬೇಕಿರಲಿಲ್ಲ. ಬೀದಿಯಲ್ಲಿ ಸೈಕಲ್ ಸದ್ದಾದರೆ ಸಾಕು, ಬೆಸುಗೆ ಕಡ್ಡಿ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ರೆಕಾರ್ಡು ಕಂಪನಿಯೊಂದು ಅಣ್ಣನವರಿಗೆ ಒಂದು ಸೋಮವಾರ ಅರ್ಧ ದಿನ ಸ್ಟುಡಿಯೋ ಕೊಟ್ಟಿತು. ಮನೆಗೆ ಬಂದು ಹೇಳಿದೆ. ಅಪ್ಪ, "ಆ ಹರಕಲು ಪೆಟ್ಟಿಗೇಲೇ ಬಾರಿಸ್ತಾನಾ? ಅಷ್ಟು ಜನರ ಮುಂದೆ?" ಎಂದ. ಅಲ್ಲಿಯವರು ಮಗನನ್ನು ನೋಡಿ ನಕ್ಕುಬಿಡುತ್ತಾರೆ ಎಂಬ ಭಯ ಅವನ ದನಿಯಲ್ಲೇ ಇತ್ತು. ಅದರ ಹಿಂದಿನ ದಿನ, ಭಾನುವಾರ, ಅವರು ನಾಲ್ವರೂ ಹೋಟೆಲೊಂದರಲ್ಲಿ ಬಾರಿಸಲು ಹೋಗುತ್ತಾರೆ, ಅಲ್ಲಿಯದೇ ಆಂಪ್ಲಿಫೈಯರ್ ಇದೆ, ಲಾಂಡ್ರಿ ಖಾಲಿ ಇರುತ್ತದೆ ಎಂದು ನನಗೆ ಗೊತ್ತಿತ್ತು. ಊಟ ಇಟ್ಟುಬರಲು ಅಂತ ನನ್ನ ಹತ್ತಿರ ಒಂದು ಕೀಲಿಯೂ ಇತ್ತು. ಅಪ್ಪ ಕೈ ಚಾಚಿದ. ನಾನು ಕೊಟ್ಟೆ. ತಡೆಯಬೇಕಿತ್ತು. ಆದರೆ ನನ್ನ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇತ್ತು: ಅಪ್ಪ ಇಷ್ಟಾದರೂ ಮಾಡಿದ ಅಂತ ಅಣ್ಣ ಕರಗುತ್ತಾನೆ, ಸೋಮವಾರ ಸಂಜೆ ಮೂವರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ.

ಭಾನುವಾರ ಬೆಳಿಗ್ಗೆ ಅಪ್ಪ ಅಡುಗೆಮನೆಗೆ ಬಂದು ಅಮ್ಮನ ರೇಡಿಯೋ ಕೆಳಗಿಳಿಸಿದ. ಅಳತೆ ಹೊಂದುವ ಸ್ಪೀಕರು ಊರಲ್ಲಿ ಬೇರೆ ಸಿಕ್ಕಿರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ, ಸ್ಪೀಕರನ್ನು ಹೊರಗೆ ತೆಗೆದು, ತನ್ನ ಹಳೆಯ ಅಂಗಿಯಲ್ಲಿ ಸುತ್ತಿದ. ಖಾಲಿ ರೇಡಿಯೋವನ್ನು ಒರೆಸಿ ಮತ್ತೆ ಕಪಾಟಿನ ಮೇಲಿಟ್ಟ.

ಲಾಂಡ್ರಿಯಲ್ಲಿ ಮಧ್ಯಾಹ್ನದಿಂದ ಐದರವರೆಗೆ ಕೂತಿದ್ದ, ನಾನೂ ಪಕ್ಕದಲ್ಲಿದ್ದೆ. ಸ್ಪೀಕರು ಬದಲಾಯಿಸಿದ, ವಾಲ್ವು ಬದಲಾಯಿಸಿದ, ಧೂಳು ಒರೆಸಿದ. ಪ್ಲಗ್ ಹಾಕಿ ಅಣ್ಣ ಬಿಟ್ಟುಹೋಗಿದ್ದ ಹಳೆಯ ಗಿಟಾರಿನ ತಂತಿಯನ್ನು ಬೆರಳಲ್ಲಿ ಒಮ್ಮೆ ಮೀಟಿದ. ಸ್ವರ ಕನ್ನಡಿಯಷ್ಟು ತಿಳಿಯಾಗಿ ಬಂತು. ಪೆನ್ಸಿಲ್ ತೆಗೆದು ಒಳಗೆ ಬರೆದ. ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದ. ಅಪ್ಪನಿಗೆ ಸಿಳ್ಳೆ ಹಾಕಲು ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

ಸ್ಟುಡಿಯೋದಲ್ಲಿ ಏನಾಯಿತೆಂದು ಆಮೇಲೆ ಡ್ರಮ್ಮಿನವನು ಹೇಳಿದ. ಪೆಟ್ಟಿಗೆಯನ್ನು ಬಾರಿಸಿ ನೋಡದೆ ನೇರವಾಗಿ ಅಲ್ಲಿಗೇ ಒಯ್ದಿದ್ದರು. ಅಣ್ಣ ಗಿಟಾರು ಸಿಕ್ಕಿಸಿ ಬಾರಿಸಿದ. ಮದುವೆ ಮನೆಯ ಸಂಗೀತದ ಹಾಗೆ ಮೆತ್ತಗೆ, ಸಿಹಿಯಾಗಿ ಬಂತು. ಕಂಪನಿಯವರು ಯಾವ ಸದ್ದು ಕೇಳಿ ಅವರನ್ನು ಕರೆಸಿದ್ದರೋ ಅದು ಎಲ್ಲೂ ಇಲ್ಲ. ಅಣ್ಣ ಕಂಗಾಲಾಗಿ ತಂತಿ ಎಳೆದ, ಗುಂಡಿ ತಿರುಗಿಸಿದ, ಕೊನೆಗೆ ಹಿಂದಿನ ಹಲಗೆ ಬಿಚ್ಚಿದ. ಒಳಗೆ ಅಪ್ಪನ ದುಂಡು ಅಕ್ಷರ: ತಾರೀಖು, ಸ್ಪೀಕರ್ ಹರಿದಿತ್ತು, ಹೊಸದು ಹಾಕಿದೆ, ಈಗ ಸರಿಹೋಯಿತು.

ಓದಿದವನೇ ಅಣ್ಣ ಮೇಜಿನ ಮೇಲಿದ್ದ, ಟೇಪು ಕತ್ತರಿಸುವ ಬ್ಲೇಡು ತೆಗೆದುಕೊಂಡು ಹೊಸ ಸ್ಪೀಕರಿನ ಕಾಗದವನ್ನು ಮೇಲಿಂದ ಕೆಳಗೆ ಸೀಳಿದ. ಒಂದಲ್ಲ, ನಾಲ್ಕು ಕಡೆ. ಬಾರಿಸಿದರೆ ಮೊದಲಿಗಿಂತ ಘೋರವಾದ ಸದ್ದು. ಅವತ್ತು ಹಾಡಬೇಕಿದ್ದುದು ಯಾವುದೋ ಪ್ರೇಮದ ಹಾಡು. ಅದರ ಮಾತುಗಳನ್ನೆಲ್ಲ ಎಸೆದು ಅದೇ ಧಾಟಿಗೆ ಬಾಯಿಗೆ ಬಂದದ್ದನ್ನು ಕಿರುಚಿದ. ಯಾರು ಹೇಳಿದರು ನಿನಗೆ, ನನ್ನ ಸರಿಮಾಡು ಅಂತ. ಹೀಗೇ ಇರ್ತೀನಿ, ಬಿಟ್ಟುಬಿಡು. ನಿನ್ನ ಕೈ ತೆಗಿ, ಬಿಟ್ಟುಬಿಡು. ಒಂದೇ ಸಲಕ್ಕೆ ರೆಕಾರ್ಡಾಯಿತು. ಗಾಜಿನ ಆಚೆ ಕೂತ ಕಂಪನಿಯವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಇದಪ್ಪ ಹಾಡು ಎಂದರು.

ಸೋಮವಾರ ಸಂಜೆ ನಾನು ಮೂರು ತಟ್ಟೆ ಹಾಕಿ ಕಾದೆ. ಎಂಟಾದರೂ ಯಾರೂ ಬರಲಿಲ್ಲ. ಅಪ್ಪ ಕೈ ತೊಳೆದುಕೊಂಡು, "ಸುಸ್ತಾಗಿರ್ತಾನೆ" ಎಂದು ತಾನೇ ಹೇಳಿಕೊಂಡು ಊಟಕ್ಕೆ ಕೂತ. ಮರುದಿನ ಲಾಂಡ್ರಿಗೆ ಹೋದೆ. ಅಣ್ಣ ನನ್ನ ಮೇಲೆ ಹರಿಹಾಯ್ದ. ನಾನೇನು ಸುಮ್ಮನಿರುವವಳೇ?

"ಕೀಲಿ ಕೊಟ್ಟವಳು ನಾನು. ಬೈಯೋದಿದ್ರೆ ನನ್ನ ಬೈ. ಆ ಸ್ಪೀಕರ್ ಯಾವುದು ಗೊತ್ತಾ ನಿಂಗೆ? ಅಮ್ಮನ ರೇಡಿಯೋದ್ದು. ಅಪ್ಪ ತನ್ನ ಕೈಯಾರೆ ಬಿಚ್ಚಿ ತಂದು ಹಾಕಿದ್ದು."

ಅಣ್ಣನ ಮುಖ ಸುಣ್ಣದ ಹಾಗಾಯಿತು. "ನಾನು ಅದನ್ನ..." ಎಂದವನು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಬಾ ಮನೆಗೆ ಎಂದೆ. "ಯಾವ ಮುಖ ಇಟ್ಕೊಂಡು ಬರಲಿ, ಪುಟ್ಟಿ?" ಎಂದ. ಅಲ್ಲಿಯ ತನಕ ಸಿಟ್ಟು ಅವನನ್ನು ಮನೆಯಿಂದ ಹೊರಗಿಟ್ಟಿತ್ತು, ಇನ್ನು ನಾಚಿಕೆ ಹೊರಗಿಟ್ಟಿತು. ಸಿಟ್ಟು ಬೇಗ ಇಳಿಯುತ್ತದೆ. ನಾಚಿಕೆಗೆ ಏನು ಮದ್ದು ಎಂದು ನನಗೆ ಹೊಳೆಯಲಿಲ್ಲ.

ಮೂರು ತಿಂಗಳಿಗೆ ಹಾಡು ರೇಡಿಯೋದಲ್ಲಿ ಬಂತು. ಆ ವಾರ ನಮ್ಮ ಅಂಗಡಿಯ ಮುಂದೆ ಸಾಲು! ಹನ್ನೊಂದು ಜನ ರೇಡಿಯೋ ಹೊತ್ತುಕೊಂಡು ಬಂದರು. ನಿನ್ನೆ ತನಕ ಚೆನ್ನಾಗಿತ್ತು, ಒಂದು ಹಾಡು ಬಂತು, ಆಮೇಲೆ ಸ್ಪೀಕರ್ ಹರಿದುಹೋಯಿತು ಎಂದು. ಅಪ್ಪ ಮೊದಲನೆಯದನ್ನು ಬಿಚ್ಚಿ ನೋಡಿದ, ಏನೂ ಆಗಿರಲಿಲ್ಲ. ಎರಡನೆಯದನ್ನು ಮೇಜಿನ ಮೇಲಿಟ್ಟು ಹಚ್ಚಿದಾಗಲೇ ಹಾಡು ಬಂತು. ತಲೆ ವಾಲಿಸಿ, ಕಣ್ಣು ಮುಚ್ಚಿ ಕೂತ. ಕೊನೆಯ ತನಕ ಅಲ್ಲಾಡಲಿಲ್ಲ.

"ಇದು ಹರಿದಿದ್ದಲ್ಲ" ಎಂದ ನನ್ನ ಕಡೆ ನೋಡದೆ. "ಬ್ಲೇಡಲ್ಲಿ ಕೊಯ್ದಿದ್ದು."

ಅಷ್ಟೇ. ಯಾರ ದನಿ, ಯಾವ ಸ್ಪೀಕರು, ಯಾರಿಗೆ ಹೇಳಿದ ಮಾತು, ಎಲ್ಲ ಅವನಿಗೆ ತಿಳಿದಿತ್ತು. ನಾನು ಏನೇನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಿರಾಕಿ, "ಏನಾಗಿದೆ ಡಾಕ್ಟ್ರೇ ನಮ್ಮದಕ್ಕೆ?" ಎಂದ. ಅಪ್ಪ ಎದ್ದುನಿಂತು ರೇಡಿಯೋವನ್ನು ಅವನ ಕೈಗೆ ಕೊಟ್ಟ.

"ನಿಮ್ಮದಕ್ಕೆ ಏನೂ ಆಗಿಲ್ಲ. ಹಾಡೇ ಹಾಗಿದೆ. ಹಾಗೇ ಇರಬೇಕು ಅದು. ನನ್ನ ಮಗ ಹಾಡಿರೋದು."

ಆ ವಾರವೆಲ್ಲ ಬಂದವರಿಗೆಲ್ಲ ಅದನ್ನೇ ಹೇಳಿದ. ಐವತ್ತೇಳು ವರ್ಷ ಗೊರಗೊರವನ್ನು ದ್ವೇಷಿಸಿದ ಮನುಷ್ಯ ಹನ್ನೊಂದು ಜನರ ಮುಂದೆ ನಿಂತು ಅದಕ್ಕಾಗಿ ವಾದ ಮಾಡಿದ. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಮುಂದಿನ ವರ್ಷ ಅಣ್ಣನವರ ಕಾರ್ಯಕ್ರಮ ನಮ್ಮೂರಿನ ದೊಡ್ಡ ಹಾಲಿನಲ್ಲೇ ಇತ್ತು. ಅಪ್ಪ ತಾನಾಗಿಯೇ, "ಹೋಗೋಣ್ವಾ?" ಎಂದ. ಅಂಗಿಗೆ ಇಸ್ತ್ರಿ ಹಾಕಿಸಿದ. ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೇಳಿದ, "ಮುಗಿದ ಮೇಲೆ ಹೋಗಿ, ಮನೆಗೆ ಬಾರೋ ಅಂತೀನಿ. ಅಷ್ಟೇ ಸಾಕಲ್ವಾ? ಇನ್ನೇನಾದ್ರೂ ಹೇಳ್ಬೇಕಾ?"

"ಅಷ್ಟೇ ಸಾಕಪ್ಪ."

"ಮನೆಗೆ ಬಾರೋ" ಎಂದು ಮತ್ತೊಮ್ಮೆ ಮೆಲ್ಲಗೆ ಹೇಳಿಕೊಂಡ.

ಮೂರನೇ ಸಾಲಿನಲ್ಲಿ ಕೂತೆವು. ಸುತ್ತಲೂ ಹುಡುಗರು ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದರೆ ಅಪ್ಪ ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದ. ಆ ಹಾಡು ಶುರುವಾದಾಗ ಎಲ್ಲರೂ ಕೇಕೆ ಹಾಕಿದರು. ಅಣ್ಣ ಮೈಕಿನ ಹತ್ತಿರ ಬಂದ, ಬಾಯಿ ತೆರೆದ. ಆಗ ಅಪ್ಪನನ್ನು ಕಂಡ.

ದನಿ ಬರಲಿಲ್ಲ. ಗಿಟಾರಿನ ಮೇಲಿದ್ದ ಕೈಯೂ ನಿಂತಿತು. ಆದರೆ ಜನ ನಿಲ್ಲಬೇಕಲ್ಲ? ಇಡೀ ಹಾಲು ಒಕ್ಕೊರಲಿನಿಂದ ಕೂಗಿತು: "ಯಾರು ಹೇಳಿದರು ನಿನಗೆ, ನನ್ನ ಸರಿಮಾಡು ಅಂತ?" ನಗುನಗುತ್ತ, ಖುಷಿಯಿಂದ, ಕೈ ಮೇಲೆತ್ತಿ ಎರಡು ಸಾವಿರ ಜನ ನಮ್ಮಪ್ಪನಿಗೆ ಅದನ್ನು ಹೇಳಿದರು. ಹೀಗೇ ಇರ್ತೀನಿ, ಬಿಟ್ಟುಬಿಡು. ಅಣ್ಣ ಅಲ್ಲೇ ಕಲ್ಲಾಗಿ ನಿಂತಿದ್ದ. ಅಪ್ಪ ಎದ್ದು, ಮೊಣಕಾಲುಗಳನ್ನು ದಾಟಿಕೊಂಡು, "ಸ್ವಲ್ಪ ದಾರಿ ಬಿಡಿ, ಸ್ವಲ್ಪ ದಾರಿ ಬಿಡಿ" ಎನ್ನುತ್ತ ಹೊರಗೆ ನಡೆದ.

ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದೆ. "ಮುಗಿಯೋ ತನಕ ಇರಪ್ಪ. ಅವನನ್ನ ಮಾತಾಡಿಸ್ಕೊಂಡೇ ಹೋಗೋಣ."

"ಬೇಡಮ್ಮ. ಅವನಿನ್ನೂ ಹಾಡೋದಿದೆ. ನನ್ನ ನೋಡಿದ್ರೆ ಮತ್ತೆ ನಿಂತುಹೋಗುತ್ತೆ." ಬಸ್ಸು ಹತ್ತಿದ ಮೇಲೆ ಹೇಳಿದ, "ಒಂದು ಸಲ ಅವನ ಪೆಟ್ಟಿಗೆ ಕೆಡಿಸಿದೆ. ಇವತ್ತು ಹಾಡು ಕೆಡಿಸಿದೆ. ನಾನು ಹೋಗಬಾರದಿತ್ತು." ಕೆಡಿಸಿದೆ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಅಣ್ಣ ಮರುದಿನ ಬೇರೆ ಊರಿಂದ ನಮ್ಮ ಮನೆಯೆದುರಿನ ಬೇಕರಿಗೆ ಫೋನು ಮಾಡಿದ. ಬೇಕರಿಯ ಹುಡುಗ ಕರೆಯಲು ಬಂದರೆ ಅಪ್ಪ, "ಕೈತುಂಬ ಕೆಲಸ ಅನ್ನು" ಎಂದ. ನಾನು ಹೋದೆ. ಅಪ್ಪ ಯಾಕೆ ಎದ್ದುಹೋದ, ಸಿಟ್ಟಾ ಎಂದು ಅಣ್ಣ ಕೇಳಿದ. ಬಸ್ಸಿನಲ್ಲಿ ಅಪ್ಪ ಅಂದದ್ದನ್ನು ನಾನು ಆಗಲೇ ಹೇಳಬೇಕಿತ್ತು. ನನಗೆ ರೇಗಿಹೋಗಿತ್ತು. "ಊರಿಗೆಲ್ಲ ಹೇಳಿಕೊಟ್ಟು ಅಪ್ಪನಿಗೆ ಬೈಸಿದೀಯಲ್ಲ, ಏನಿದ್ರೂ ನೀನೇ ಬಂದು ಕೇಳು" ಎಂದು ಫೋನಿಟ್ಟೆ. ತಿಂಗಳ ಕೊನೆಗೆ ಬರುತ್ತೇನೆ ಎಂದು ಕಾಗದ ಬರೆದ. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡ. ಅಣ್ಣ ಬರಲು ಇನ್ನೂ ಹನ್ನೊಂದು ದಿನ ಇರುವಾಗ, ಒಂದು ಬೆಳಿಗ್ಗೆ, ಯಾರದೋ ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದವನು ಮೇಜಿನ ಮೇಲೆ ತಲೆಯಿಟ್ಟ. ಕಿವಿಗೊಟ್ಟು ಕೇಳುತ್ತಿದ್ದಾನೆ ಅಂದುಕೊಂಡೆ.

ಅಪ್ಪನ ಕ್ರಿಯೆಯೆಲ್ಲ ಮುಗಿದು ಜನ ಹೋದ ಮೇಲೆ ಅಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದ, "ಅವತ್ತು ಎದ್ದುಹೋದಾಗ ಅಪ್ಪ ಏನಂದ?"

ಹೇಳಿದೆ. ಮನೆಗೆ ಬಾರೋ ಎಂದು ಬಸ್ಸಿನಲ್ಲಿ ಹೇಳಿಕೊಂಡದ್ದನ್ನೂ ಹೇಳಿದೆ.

"ಕೆಡಿಸಿದೆ ಅಂದ್ನಾ?" ಅಣ್ಣ ನನ್ನ ಭುಜ ಹಿಡಿದು ಅಲ್ಲಾಡಿಸಿದ. "ಅವನೇನು ಕೆಡಿಸಿದ? ಅವನ ಮುಖ ನೋಡಿ ಆ ಮಾತು ಹೇಗೆ ಹೇಳ್ಲೇ ನಾನು? ಅದಕ್ಕೇ ನಿಲ್ಲಿಸಿದ್ದು. ಅದಕ್ಕೇ ಕಣೇ ನಿಲ್ಲಿಸಿದ್ದು!" ಹೇಳಬೇಕಾದವರಿಗೆ ಹೇಳಲಾಗದ ಮಾತನ್ನು ಅವನು ನನಗೆ ಮತ್ತೆ ಮತ್ತೆ ಹೇಳಿದ. ನಾನು ಹೂಂ, ಹೂಂ ಎನ್ನುತ್ತ ನಿಂತಿದ್ದೆ.

ಆಮೇಲಿಂದ ಇಲ್ಲಿಯವರೆಗೆ ಅಣ್ಣ ಆ ಸಾಲನ್ನು ಹಾಡಿಲ್ಲ. ಅದು ಬಂದಾಗ ಮೈಕು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಜನ ಹಾಡುತ್ತಾರೆ. ಅಭಿಮಾನಿಗಳ ಮೇಲಿನ ಪ್ರೀತಿಗೆ ಹಾಗೆ ಮಾಡುತ್ತಾನೆ ಎಂದು ಪತ್ರಿಕೆಯವರು ಬರೆಯುತ್ತಾರೆ. ಜನ ಕೂಗುತ್ತಿರುವಷ್ಟು ಹೊತ್ತೂ ಅವನು ಮೂರನೇ ಸಾಲನ್ನೇ ನೋಡುತ್ತಿರುತ್ತಾನೆ.